ಐಸಿನ ಮೇಲೊಂದು ಗಾಡಿ

ವಾಹನ ಸಾಲದ ಅರ್ಜಿ ನೋಡಿ ನೋಡಿಯೇ ನನ್ನ ತಲೆಕೂದಲು ಹಣ್ಣಾದದ್ದು. ಮಲ್ಪೆ ಕಡೆ ಫೀಲ್ಡ್ ಆಫೀಸರ್ ಆಗಿದ್ದಾಗ ಮೀನುಗಾರಿಕೆಯ ಬೋಟು, ರಾಯಚೂರಿನಲ್ಲಿ ಟ್ರ್ಯಾಕ್ಟರು, ಹೈದರಾಬಾದಿಗೆ ವರ್ಗವಾಗಿ ಬಂದ ಮೇಲೆ ಆಟೋ, ಲಾರಿ, ಆಮೇಲೆ ಸಾಫ್ಟ್‌ವೇರ್ ಹುಡುಗರ ಕಾರು. ಆದರೆ 2023ರ ಸೆಪ್ಟೆಂಬರಿನಲ್ಲಿ ಮಿನೆಸೋಟಾದಿಂದ ಮಗ ಫೋನಿನಲ್ಲಿ ಹೇಳಿದ ಗಾಡಿ ಮಾತ್ರ ನನ್ನ ಯಾವ ಫೈಲಿನಲ್ಲೂ ಬಂದಿರಲಿಲ್ಲ.

"ಅಪ್ಪಾ, ಐಸ್ ಫಿಶಿಂಗಿಗೆ ಒಂದು ಎಟಿವಿ ತೆಗೊಳ್ಳುವ ಅಂತ ಉಂಟು. ಯಾವುದು ಆಗಬಹುದು, ಸ್ವಲ್ಪ ನೋಡಿ ಹೇಳಿ."

ಅವನಿಗೆ ನನ್ನ ದುಡ್ಡು ಬೇಕಿರಲಿಲ್ಲ. ದೂರದಲ್ಲಿರುವ ಮಕ್ಕಳು ಹೀಗೆ ಏನಾದರೊಂದು ಕೇಳುವುದುಂಟು, ಅದರಲ್ಲಿ ಅರ್ಧ ಮಾತಾಡಲಿಕ್ಕೆ ನೆಪ. ಆದರೆ ಬ್ಯಾಂಕಿನವನನ್ನು ನೆಪಕ್ಕೆ ಕೇಳಿದರೂ ಅಪ್ರೈಸಲ್ ಆಗಿಯೇ ಆಗ್ತದೆ!

ಎಟಿವಿ ಅಂದರೆ ನಮ್ಮ ರೆಸಾರ್ಟುಗಳಲ್ಲಿ ಹುಡುಗರು ಧೂಳೆಬ್ಬಿಸಿಕೊಂಡು ಓಡಿಸ್ತಾರಲ್ಲ, ಅದೇ. ನಾಲ್ಕು ಬಲೂನಿನಂಥ ಟಯರು, ಸ್ಕೂಟರಿನ ಹಾಗೆ ಹ್ಯಾಂಡಲು, ಕುದುರೆ ಏರಿದ ಹಾಗೆ ಕಾಲು ಅಗಲಿಸಿ ಕೂರುವ ಸೀಟು. ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಆ ರಾಜ್ಯದಲ್ಲಿ ಚಳಿಗಾಲಕ್ಕೆ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ಸಣ್ಣ ಗುಡಿಸಲನ್ನು ಎಳಕೊಂಡು ಹೋಗಿ, ಭೈರಿಗೆಯಂಥ ಯಂತ್ರದಿಂದ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ನಮ್ಮ ರಾಮನಗರದ ಮಾರ್ಕೆಟಿನಲ್ಲಿ ಮೀನು ಐಸಿನ ಮೇಲಿರ್ತದೆ, ಅಲ್ಲಿ ಐಸಿನ ಕೆಳಗೆ. ಹದಿನಾಲ್ಕು ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುವ ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ಗೆಳೆಯರಿಗೆ ಇದನ್ನು ವಿವರಿಸಿದರೆ, "ಸಾರ್, ಮೀನು ಅಂಗಡಿಯಲ್ಲಿ ಸಿಗಲ್ವಾ?" ಅಂದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಿಕ್ಕ ಹಳೇ ಸಹೋದ್ಯೋಗಿಯಂತೂ, "ಸೆಕ್ಯುರಿಟಿಯೇ ಕರಗಿ ಹೋಗುವ ಕೇಸು, ರಿಜೆಕ್ಟ್ ಮಾಡಿ" ಎಂದು ನಕ್ಕುಬಿಟ್ಟರು.

ತಮಾಷೆಗೆ ಅಂದದ್ದಾದರೂ ವಿಷಯದ ಬುಡ ಅದೇ. ಮಗ ಕಳಿಸಿದ ಕ್ಯಾಟಲಾಗುಗಳೆಲ್ಲ ಸಿಸಿ, ಎಚ್‌ಪಿ, ಬಣ್ಣ ಅಂತ ತುಂಬಿಹೋಗಿದ್ದವು. ಮಲ್ಪೆಯಲ್ಲಿ ಬೋಟಿನ ಸಾಲಕ್ಕೆ ಬಂದವರೂ ಎಂಜಿನ್ನಿನ ಎಚ್‌ಪಿಯನ್ನೇ ಮೊದಲು ಹೇಳುತ್ತಿದ್ದರು. ಅಲ್ಲಿದ್ದ ಹಿರಿಯ ತಂಡೇಲರೊಬ್ಬರು ನನಗೆ ಹೇಳಿಕೊಟ್ಟ ಪ್ರಶ್ನೆ ಬೇರೆ: "ತುಂಬಿದ ಬೋಟು ಅಳಿವೆ ದಾಟಿ ಒಳಗೆ ಬರ್ತದಾ, ಅದು ಕೇಳಿ ಸ್ವಾಮೀ." ಹಾಗಾಗಿ ನಾನು ಮಗನಿಗೆ ಕೇಳಿದ ಮೊದಲ ಪ್ರಶ್ನೆ, ಗಾಡಿಯ ತೂಕ ಎಷ್ಟು ಮತ್ತು ಐಸ್ ಎಷ್ಟು ತಾಳ್ತದೆ ಅನ್ನುವುದು.

ಮಿನೆಸೋಟಾ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಂದು ಅಳತೆ ಪಟ್ಟಿ ಕೊಟ್ಟಿದೆ. ನಡೆದು ಹೋಗಲು ಕನಿಷ್ಠ 4 ಇಂಚು ಐಸು, ಸಣ್ಣ ಎಟಿವಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9-10. ಇದು ಹೊಸದಾಗಿ ಗಟ್ಟಿಯಾದ ನೀಲಿ ಛಾಯೆಯ ಐಸಿನ ಲೆಕ್ಕ. ಮಂಜು ಬೆರೆತ ಬಿಳಿ ಐಸಾದರೆ ದಪ್ಪ ದುಪ್ಪಟ್ಟು ಬೇಕು, ಅಂದರೆ ನಮ್ಮ ಭಾಷೆಯಲ್ಲಿ ಐವತ್ತು ಪರ್ಸೆಂಟ್ ಮಾರ್ಜಿನ್. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಐಸಿನ ದಪ್ಪ ಎರಡು ಪಟ್ಟಾದರೆ ಅದು ತಾಳುವ ಭಾರ ಸುಮಾರು ನಾಲ್ಕು ಪಟ್ಟಾಗುತ್ತದೆ. ಚಕ್ರಬಡ್ಡಿಗಿಂತ ಜೋರು! ಆದರೆ ದಪ್ಪ ಅರ್ಧವಾದರೆ ತಾಳುವ ಭಾರವೂ ಅದೇ ಲೆಕ್ಕದಲ್ಲಿ ಕಾಲು ಭಾಗಕ್ಕೆ ಇಳೀತದೆ.

ಈಗ ಗಾಡಿಯ ಲೆಕ್ಕ ನೋಡಿ. 400-500 ಸಿಸಿಯ ಎಟಿವಿ ಸುಮಾರು 300 ಕಿಲೋ. ಸವಾರ 80. ಹಿಂದೆ ಎಳೆಯುವ ಗುಡಿಸಲು, ಕೊರೆಯುವ ಯಂತ್ರ, ಗ್ಯಾಸ್ ಹೀಟರು ಎಲ್ಲ ಸೇರಿದರೆ ಮತ್ತೂ ಒಂದು ನೂರು. ಮಗನಿಗೆ ಮನಸ್ಸಿದ್ದದ್ದು 850 ಸಿಸಿಯದ್ದರ ಮೇಲೆ. ಸಮತಟ್ಟಾದ ಕೆರೆ ಮೇಲೆ ನಿಧಾನಕ್ಕೆ ಹೋಗಬೇಕಾದವನಿಗೆ ಅಷ್ಟು ಶಕ್ತಿ ಯಾಕೆ? ವೇಗವಾಗಿ ಹೋದರೆ ಐಸಿನಡಿಯ ನೀರಿನಲ್ಲಿ ಅಲೆ ಏಳುತ್ತದಂತೆ, ಅದೇ ಮುಂದೆ ಐಸನ್ನು ಒಡೆಯಬಹುದು. ಹಗುರವಾದದ್ದೇ ಇರಲಿ ಅಂದೆ.

ಸ್ನೋಮೊಬೈಲ್ ಯಾಕೆ ಬೇಡ ಎಂದೂ ಕೇಳಿದೆ. ಅದಕ್ಕೆ ಮಂಜು ಬೇಕಂತೆ. ಅದರ ಎಂಜಿನ್ ತಂಪಾಗುವುದು, ಅಡಿಯ ಪಟ್ಟಿ ಜಾರುವುದು ಎಲ್ಲ ಮೇಲೆ ಹಾರುವ ಮಂಜಿನಿಂದ. ಬರೀ ಐಸಿನ ಮೇಲೆ ಓಡಿಸಿದರೆ ಬಿಸಿಯಾಗಿ ಕೂರ್ತದೆ. ಎಟಿವಿಗೆ ಆ ರಗಳೆಯಿಲ್ಲ, ಬೇಸಿಗೆಯಲ್ಲಿ ಹಿತ್ತಲ ಕೆಲಸಕ್ಕೂ ಆಯ್ತು. ಮೈನಸ್ ಇಪ್ಪತ್ತರಲ್ಲಿ ಸ್ಟಾರ್ಟ್ ಆಗಬೇಕಾದರೆ ಕಾರ್ಬ್ಯುರೇಟರಿಗಿಂತ ಫ್ಯುಯೆಲ್ ಇಂಜೆಕ್ಷನ್ ವಾಸಿ. ನಾಲ್ಕು ಚಕ್ರಕ್ಕೂ ಡ್ರೈವ್ ಇರಬೇಕು, ನುಣುಪು ಐಸಿಗೆ ಟಯರಿಗೆ ಸರಪಳಿ, ಮಂಜಿನ ದಿಬ್ಬದಲ್ಲಿ ಸಿಕ್ಕಿಕೊಂಡರೆ ಎಳೆಯಲು ವಿಂಚ್. ಹ್ಯಾಂಡಲ್ ಬಿಸಿ ಮಾಡುವ ವ್ಯವಸ್ಥೆಯನ್ನು ನಾನು ಐಷಾರಾಮಿ ಎಂದು ಹೊಡೆದುಹಾಕಿದ್ದೆ. ನನ್ನ ಹೆಂಡತಿ, "ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಹೇಗೆ?" ಎಂದಳು. ಅವಳ ಮಾತು ಸರಿ, ವಾಪಸ್ ಸೇರಿಸಿದೆವು.

ಪೊಲಾರಿಸ್ ಕಂಪನಿ ಹುಟ್ಟಿದ್ದೇ ಮಿನೆಸೋಟಾದ ರೋಸೋ ಎಂಬ ಗಡಿ ಊರಿನಲ್ಲಿ, 1954ರಲ್ಲಿ. ಎಟಿವಿ ಮಾಡಲು ಶುರು ಮಾಡಿದ್ದು 1985ರಲ್ಲಿ. ಬಿಡಿಭಾಗ ಹತ್ತಿರದಲ್ಲೇ ಸಿಗುತ್ತದೆಂದು ಅದನ್ನೇ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ನನ್ನ ಷರತ್ತುಗಳೂ ಇದ್ದವು: ಕುತ್ತಿಗೆಗೆ ಐಸ್ ಪಿಕ್, ನೀರಿಗೆ ಬಿದ್ದರೂ ತೇಲಿಸುವ ಕೋಟು, ಪ್ರತಿ 150 ಅಡಿಗೆ ಐಸ್ ಕೊರೆದು ಅಳೆಯುವುದು. ಒಬ್ಬರ ಗಾಡಿಯಲ್ಲಿ ಒಬ್ಬರೇ.

ಡಿಸೆಂಬರ್ ಬಂತು, ಗಾಡಿ ಗ್ಯಾರೇಜಿನಲ್ಲೇ ಇತ್ತು. ಆ ವರ್ಷ ಚಳಿಯೇ ಬರಲಿಲ್ಲ. 2023-24ರದ್ದು ಅಲ್ಲಿನ ದಾಖಲೆಯಲ್ಲೇ ಅತಿ ಬೆಚ್ಚನೆಯ ಚಳಿಗಾಲ. ವರ್ಷದ ಕೊನೆಯ ರಜೆಗೆ ಗೆಳೆಯರು ಅಪ್ಪರ್ ರೆಡ್ ಲೇಕ್‌ಗೆ ಕರೆದಿದ್ದರು. ರಾತ್ರಿ ನಾನು ಫೋನ್ ಮಾಡಿ "ಎಷ್ಟು ಇಂಚು?" ಎಂದೆ. "ಒಂದೊಂದು ಕಡೆ ಒಂದೊಂದು ಥರ ಅಂತೆ ಅಪ್ಪಾ, ಹೋಗ್ಲಿಕ್ಕಿಲ್ಲ" ಎಂದ. ಡಿಸೆಂಬರ್ 29ರಂದು ಆ ಕೆರೆಯಲ್ಲಿ ಐಸಿನ ದೊಡ್ಡ ಹಾಳೆಯೊಂದು ದಡದಿಂದ ಬಿಟ್ಟುಕೊಂಡು, ನೂರಕ್ಕೂ ಹೆಚ್ಚು ಜನ ಅದರ ಮೇಲೆ ಸಿಕ್ಕಿಹಾಕಿಕೊಂಡರು. ಎಲ್ಲರನ್ನೂ ಉಳಿಸಿದರು, ದೇವರು ದೊಡ್ಡವನು. ಸುದ್ದಿ ಓದಿದಾಗ ಇಲ್ಲಿ ಬೆಳಗ್ಗೆ, ನನ್ನ ಕಾಫಿ ಹಾಗೇ ಆರಿಹೋಯಿತು. ಅವನಿಗೆ ಫೋನ್ ಮಾಡಿದೆ. ಹೇಳಲು ಏನೂ ಇರಲಿಲ್ಲ, ಹೈದರಾಬಾದಿನ ಹವೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ.

2025ರ ಫೆಬ್ರವರಿಯಲ್ಲಿ ನಾವಿಬ್ಬರೂ ಹೋದಾಗ ಆ ಗಾಡಿ ಕಂಡೆ. ಮಗ ತೂತು ಕೊರೆದ, ಟೇಪು ಹಿಡಿದವನು ನಾನು. ಹದಿನೆಂಟು ಇಂಚು, ನೀಲಿ ಛಾಯೆ. ಗುಡಿಸಲೊಳಗೆ ಮೂರು ಗಂಟೆ ಕೂತು ಒಂದು ವಾಲೈ ಮೀನು ಹಿಡಿದೆವು. ಮಲ್ಪೆಯ ಅಂಜಲಿಗೆ ಸಮನಲ್ಲ, ಆದರೂ ಸಾರು ಚೆನ್ನಾಗಿತ್ತು.

ಈಗ ಹೊಸ ಅರ್ಜಿ ಬಂದಿದೆ. ಮೊಮ್ಮಗಳಿಗೆ ಆರು ವರ್ಷ, ತಾನೂ ಬರುತ್ತೇನೆ ಎನ್ನುತ್ತಾಳಂತೆ. ಒಂದೇ ಸೀಟಿನ ಎಟಿವಿಯಲ್ಲಿ ಹಿಂದೆ ಕೂರಿಸಬೇಡ ಎಂದವನು ನಾನೇ. ಹಾಗಾಗಿ ಪಕ್ಕಪಕ್ಕ ಕೂರುವ, ಬಾಗಿಲಿರುವ ದೊಡ್ಡ ಗಾಡಿ ನೋಡುತ್ತಿದ್ದಾನೆ. ತೂಕ ಆರುನೂರು ಕಿಲೋ ದಾಟುತ್ತದೆ, ಐಸ್ ಒಡೆದರೆ ಒಳಗಿಂದ ಜಿಗಿದು ಹೊರಬರುವುದೂ ಸುಲಭವಲ್ಲ. ಅವಳನ್ನು ಗಾಡಿಯಲ್ಲಿ ಕೂರಿಸದೆ, ದಡದ ಹತ್ತಿರವೇ ಕೈ ಹಿಡಿದು ನಡೆಸಿಕೊಂಡು ಹೋಗು, ನಾಲ್ಕು ಇಂಚು ಸಾಕು ಅಂದರೂ ಆರಾಗಲಿ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.