ಎಡಗೈಯ ಚಾಕು

ಉರ್ದುವಿನಲ್ಲಿ 'ಕಲಮ್' ಎಂದರೆ ಲೇಖನಿ ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಅದೇ ಪದಕ್ಕೆ ಗಿಡದ ಕಸಿ ಎಂಬ ಅರ್ಥವೂ ಇದೆ. ಕಸಿ ಮಾಡಿದ ಮರದ ಮಾವನ್ನು 'ಕಲಮೀ ಆಮ್' ಎನ್ನುತ್ತಾರೆ. ಜೊಂಡಿನ ಕಡ್ಡಿಯನ್ನು ಕೆತ್ತಿ ಲೇಖನಿ ಮಾಡುತ್ತಿದ್ದ ಕಾಲದಲ್ಲಿ ಆ ಕೆಲಸಕ್ಕೆಂದೇ ಇದ್ದ ಸಣ್ಣ ಚಾಕುವಿಗೆ 'ಕಲಮ್‌ತರಾಶ್' ಎಂದು ಹೆಸರು. ಇಂಗ್ಲಿಷಿನವರ 'ಪೆನ್‌ನೈಫ್' ಕೂಡ ಹಕ್ಕಿಗರಿಯ ಲೇಖನಿಯನ್ನು ಹದ ಮಾಡಲು ಹುಟ್ಟಿದ್ದೇ. ಇಷ್ಟು ಮರ್ಯಾದಸ್ಥ ವಸ್ತು ಇಂದು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇರಿತದ ಸುದ್ದಿಯಲ್ಲಿ.

ನಮ್ಮ ಮನೆಯಲ್ಲಿ ಕಲಮಿನ ಎರಡೂ ಅರ್ಥಗಳು ಬಾಳಿಕೊಂಡಿವೆ. ನಾವು ಕತೆ ಬರೆಯುತ್ತೇವೆ, ನಮ್ಮ ಭಾಯಿಜಾನ್ ಕಸಿ ಕಟ್ಟುತ್ತಾರೆ. ಮನೆಯ ಖರ್ಚು ತೂಗಿಸಿದ್ದು ಯಾವ ಕಲಮ್ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನವರಿಗೆ ಹೆಸರಘಟ್ಟವೆಂದರೆ 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ ನಗರಕ್ಕೆ ನೀರು ಕೊಟ್ಟ ಕೆರೆ, ಇಲ್ಲವೇ 1990ರಲ್ಲಿ ಪ್ರೊತಿಮಾ ಬೇಡಿ ಸ್ಥಾಪಿಸಿದ ನೃತ್ಯಗ್ರಾಮ. ಗಿಡ ಬೆಳೆಸುವವರಿಗೆ ಮಾತ್ರ ಅದು 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಊರು. ಆಪೂಸು ಮತ್ತು ಬಂಗನಪಲ್ಲಿ ಮಾವುಗಳನ್ನು ಕೂಡಿಸಿ 'ಅರ್ಕಾ ಅರುಣಾ', 'ಅರ್ಕಾ ಪುನೀತ್' ತಳಿಗಳನ್ನು ಹುಟ್ಟಿಸಿದ್ದು ಅಲ್ಲಿಯೇ. ಸುತ್ತಲಿನ ಖಾಸಗಿ ನರ್ಸರಿಗಳಲ್ಲಿ ಮಳೆಗಾಲ ಬಂತೆಂದರೆ ಭಾಯಿಜಾನ್‌ರಂಥ ಕಸಿಗಾರರಿಗೆ ಸುಗ್ಗಿ. ಒಂದು ಕಸಿಗೆ ಇಷ್ಟು ಎಂಬ ಲೆಕ್ಕದ ಕೂಲಿ. ಕೈ ಓಡಿದಷ್ಟೂ ಕಾಸು.

ಕೆಲಸ ನೋಡಲು ಸಣ್ಣದು. ಬೇರುಸಸಿಯ ತಲೆ ಕತ್ತರಿಸಿ, ಕಾಂಡದ ನಡುವೆ ಒಂದೂವರೆ ಅಂಗುಲದಷ್ಟು ಸೀಳಬೇಕು. ಒಳ್ಳೆಯ ಮರದಿಂದ ತಂದ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಎರಡರ ತೊಗಟೆಯ ಕೆಳಗಿನ ಹಸಿ ಪದರಗಳು ಒಂದನ್ನೊಂದು ಮುಟ್ಟಿದರೆ ಗಿಡ ಕೂಡಿಕೊಳ್ಳುತ್ತದೆ, ಇಲ್ಲವಾದರೆ ಕಡ್ಡಿ ಒಣಗುತ್ತದೆ. ಆದ್ದರಿಂದ ಕೆತ್ತನೆ ಒಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ಅಲಗು ಹಿಡಿಯಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಕಡ್ಡಿಯ ಮೇಲೆ ಅಲೆ ಬೀಳುತ್ತದೆ.

ಕಸಿ ಚಾಕುವಿಗೆ ಇನ್ನೊಂದು ಗುಣವಿದೆ. ಅಡುಗೆಮನೆಯ ಚಾಕುವಿನಂತೆ ಅದಕ್ಕೆ ಎರಡೂ ಕಡೆಯಿಂದ ಸಾಣೆ ಇರುವುದಿಲ್ಲ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಮಾತ್ರ ಇಳಿಜಾರು. ಹೀಗಾಗಿ ಬಲಗೈಯವರ ಚಾಕು ಬೇರೆ, ಎಡಗೈಯವರದು ಬೇರೆ. ಭಾಯಿಜಾನ್ ಎಡಚರು. ಬಾಲ್ಯದಲ್ಲಿ ಅಮ್ಮಿ ಅವರ ಎಡಗೈಗೆ ಹೊಡೆದು ಹೊಡೆದು ಊಟವನ್ನು ಬಲಗೈಗೆ ತಂದರು. ಚಾಕು ಮಾತ್ರ ಎಡಗೈಯಲ್ಲೇ ಉಳಿಯಿತು. 'ತುತ್ತು ಬಲಗೈಯಲ್ಲಿ ಹೋದರೆ ಸಾಕು, ಯಾವ ಕೈಯಲ್ಲಿ ದುಡಿದರೇನು' ಎಂದು ಅಮ್ಮಿಯೇ ಕೊನೆಗೆ ರಾಜಿಯಾದರು.

ಎರಡು ವರ್ಷದ ವಾರಂಟಿಯುಳ್ಳ ಎಡಗೈಯ ಮಡಚುವ ಚಾಕುವೊಂದನ್ನು ಅವರು ನಗರದ ಅಂಗಡಿಯಲ್ಲಿ ಹೇಳಿ ತರಿಸಿಕೊಂಡಿದ್ದರು. ಎರಡನೆಯ ಮಳೆಗಾಲದ ಆರಂಭದಲ್ಲಿ ಅದರ ಬೆನ್ನಿನ ಸ್ಪ್ರಿಂಗು ಮುರಿಯಿತು. ಮಡಚುವ ಚಾಕುವಿನ ಜೀವವೇ ಆ ಉಕ್ಕಿನ ಪಟ್ಟಿ. ಬಿಚ್ಚಿದ ಅಲಗನ್ನು ಒತ್ತಿ ನಿಲ್ಲಿಸುವುದು ಅದೇ. ಅದು ಹೋದರೆ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳಬಹುದು. ವಾರಂಟಿ ಕಾಗದದಲ್ಲಿ ಅಲಗಿನ ಸವೆತಕ್ಕೆ ಹೊಣೆಯಿಲ್ಲವೆಂದೂ, ಸ್ಪ್ರಿಂಗು ಮತ್ತು ರಿವಿಟ್ಟಿನ ದೋಷಕ್ಕೆ ಹೊಣೆಯುಂಟೆಂದೂ ಸ್ಪಷ್ಟವಾಗಿ ಬರೆದಿತ್ತು. ಬಿಲ್ಲಿನ ಅಕ್ಷರಗಳು ಮಾತ್ರ ಮಾಸಿಹೋಗಿದ್ದವು. ಅಂಗಡಿಯವರು ಒಳ್ಳೆಯವರು, ಹುಡುಕಿ ನಕಲು ತೆಗೆದುಕೊಟ್ಟು, ಚಾಕುವನ್ನು ದೆಹಲಿಯ ಕಡೆಯ ಸರ್ವಿಸ್ ಸೆಂಟರಿಗೆ ನೀವೇ ಕಳಿಸಬೇಕು ಎಂದರು.

ಕಾಗದ ಪತ್ರದ ಕೆಲಸ ಮನೆಯಲ್ಲಿ ನಮ್ಮದು. ಕೊರಿಯರ್ ಕಚೇರಿಯ ಹುಡುಗ 'ಒಳಗೇನಿದೆ ಸರ್?' ಎಂದು ಕೇಳಿದ. 'ಚಾಕು' ಎಂದೆವು. ಆತ ಕಳಿಸುವವರ ಹೆಸರು ಓದಿದ, ತಲೆಯೆತ್ತಿ ನಮ್ಮ ಮುಖ ನೋಡಿದ, ಮತ್ತೆ ಹೆಸರು ಓದಿದ. ಆಧಾರ್ ಕೇಳಿದ, ಪೊಟ್ಟಣ ಬಿಚ್ಚಿಸಿದ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಅವನದು ನಿಯಮವೇ ಇರಬಹುದು. ನಮ್ಮ ಹಿಂದೆ ನಿಂತಿದ್ದವರೊಬ್ಬರು ಒಂದು ಹೆಜ್ಜೆ ಹಿಂದೆ ಸರಿದದ್ದು ಮಾತ್ರ ಯಾವ ನಿಯಮದಲ್ಲೂ ಇಲ್ಲ. ಶಸ್ತ್ರಾಸ್ತ್ರ ನಿಯಮಾವಳಿ ಆಯುಧಗಳ ಸಾಲಿಗೆ ಸೇರಿಸುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು. ಅದರಲ್ಲೂ ಮನೆ, ಕೃಷಿ, ಕೈಗಾರಿಕೆಯ ಬಳಕೆಗೆಂದು ಮಾಡಿದವು ಹೊರತು. ನಮ್ಮದು ಮೂರು ಅಂಗುಲವೂ ಇರಲಿಲ್ಲ. ಪೊಟ್ಟಣದ ಮೇಲೆ 'ಕೃಷಿ ಉಪಕರಣ, ಮಾವಿನ ಕಸಿ ಮಾಡುವುದು' ಎಂದು ದೊಡ್ಡದಾಗಿ ಬರೆದೆವು. ಹೆಸರಿನ ಜೊತೆಗೆ ಒಂದು ಸಮಜಾಯಿಷಿಯನ್ನೂ ಅಂಟಿಸಿ ಕಳಿಸುವುದು ನಮ್ಮಂಥವರಿಗೆ ರೂಢಿಯಾಗಿದೆ.

ಮೂರು ವಾರದ ನಂತರ ಪೊಟ್ಟಣ ಬಂತು. ಒಳಗೆ ಹೊಚ್ಚ ಹೊಸ ಚಾಕು. ನಾವು ಹಿಗ್ಗಿದೆವು. ಭಾಯಿಜಾನ್ ಅದನ್ನು ಬಿಚ್ಚಿ, ಅಲಗನ್ನು ಬೆಳಕಿಗೆ ಹಿಡಿದು ನೋಡಿ, 'ಯೇ ತೋ ಸೀದೇ ಹಾತ್ ಕಾ ಹೈ' ಎಂದು ಕೆಳಗಿಟ್ಟರು. ಬಲಗೈಯದು. ಅವರು ಎಡಗೈಯಲ್ಲಿ ಎಳೆದರೆ ಅದು ಕಡ್ಡಿಯನ್ನು ಕೆತ್ತುವ ಬದಲು ಒಳಗೆ ಕಚ್ಚಿಕೊಳ್ಳುತ್ತಿತ್ತು.

ಫೋನಿನಲ್ಲಿ ಹುಡುಗಿ ವಿನಯದಿಂದಲೇ 'ಸರ್, ಅದೇ ಮಾಡೆಲ್, ಅದೇ ಬೆಲೆ, ನಿಮ್ಮ ದೂರು ಮುಗಿದಿದೆ' ಎಂದಳು. ಹಳೆಯದನ್ನೇ ದುರಸ್ತಿ ಮಾಡಿ ಕಳಿಸಿ ಎಂದರೆ, ವಾಪಸು ಬಂದ ಮಾಲನ್ನು ಮರಳಿಸುವ ಪದ್ಧತಿ ಇಲ್ಲವಂತೆ. ಎಡಗೈ ಎಂಬ ಪದವನ್ನು ಬರೆದುಕೊಳ್ಳಲು ಅವಳ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ಆಗ ನಾವು ಕಾನೂನು ಓದಿದೆವು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಸರಿಪಡಿಸಿ ಎನ್ನಬಹುದು, ಬದಲಿಗೆ ಅಂಥದ್ದೇ ದೋಷವಿಲ್ಲದ ವಸ್ತು ಕೊಡಿ ಎನ್ನಬಹುದು, ಹಣ ವಾಪಸು ಕೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಉಪಕರಣವಾದರೆ ಕೊಂಡವರೂ ಗ್ರಾಹಕರೇ. ದೂರನ್ನು ಕಂಪನಿಯ ಊರಿಗೆ ಹೋಗಿ ಕೊಡಬೇಕಾಗಿಲ್ಲ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಅದಕ್ಕೂ ಮೊದಲು 1915 ಸಂಖ್ಯೆಗೆ ಫೋನು ಮಾಡಿ ಹೇಳಿಕೊಳ್ಳಬಹುದು. ದುರಸ್ತಿಯ ಹಕ್ಕಿಗೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಒಂದು ಜಾಲತಾಣವನ್ನೂ ತೆರೆದಿದೆ. ಇದನ್ನೆಲ್ಲ ಸೇರಿಸಿ, ಎಡಗೈಯ ಚಾಕು ಮತ್ತು ಬಲಗೈಯ ಚಾಕು 'ಅಂಥದ್ದೇ ವಸ್ತು' ಹೇಗಲ್ಲವೆಂದು ಚಿತ್ರ ಬರೆದು, ಎರಡು ಪುಟದ ಪತ್ರ ಕಳಿಸಿದೆವು. ನಮ್ಮ ಯಾವ ಕತೆಯನ್ನೂ ಅಷ್ಟು ಎಚ್ಚರದಿಂದ ತಿದ್ದಿರಲಿಲ್ಲ.

ಪತ್ರ ಕೆಲಸ ಮಾಡಿತು. ಹಳೆಯ ಚಾಕುವೇ ಹೊಸ ಸ್ಪ್ರಿಂಗು ಹಾಕಿಸಿಕೊಂಡು ಮರಳಿತು. ಹಿಡಿಯ ಮೇಲೆ ಭಾಯಿಜಾನ್‌ರ ಹೆಬ್ಬೆರಳು ಕೂತು ಕೂತು ಆಗಿದ್ದ ಹೊಳಪು ಹಾಗೇ ಇತ್ತು. 'ಶುಲ್ಕ: ಸೊನ್ನೆ' ಎಂದು ಚೀಟಿಯಲ್ಲಿ ಅಚ್ಚಾಗಿತ್ತು.

ಕಂಪನಿಗಳೆಲ್ಲ ಹೀಗೆಯೇ ಎನ್ನಲಾಗದು. ನಮ್ಮ ಚಾಕು ಅವರದಲ್ಲವಾದರೂ, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಉದಾಹರಣೆ ಕೊಡಬಹುದು. ಇಬಾಕ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ತೆರೆದ ಚಾಕುವಿನ ಕಾರ್ಖಾನೆ ಅದು. ಆತ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಮಡಚುವ ಚಾಕು ಒದಗಿಸಿದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ತನ್ನ ಮಾಲಿಗೆ ಇಟ್ಟ. ತಾಯಿಯ ಹೆಸರು ಕೆತ್ತಿದ ವಸ್ತುವಿಗೆ ಜವಾಬ್ದಾರಿ ತಾನಾಗಿಯೇ ಅಂಟಿಕೊಳ್ಳುತ್ತದೆ. ವಾರಂಟಿ ಎಂದರೆ ಹಾಗೆ ಕೊಟ್ಟ ಮಾತೇ. ಮಾತು ಕೊಟ್ಟವರು ಯಾರಿಗೆ ಕೊಟ್ಟೆವೆಂಬುದನ್ನೂ ನೆನಪಿಡಬೇಕು. ಚಾಕು ಒಂದೇ ಮಾಡೆಲಿನದಾಗಿರಬಹುದು, ಕೈಗಳು ಒಂದೇ ಮಾಡೆಲಿನವಲ್ಲ.

ಚೀಟಿಯ ಸೊನ್ನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚಾಕು ಮರಳುವ ಹೊತ್ತಿಗೆ ಏಳು ವಾರ ಕಳೆದು, ಕಸಿಯ ಹಂಗಾಮು ಮುಗಿಯುತ್ತ ಬಂದಿತ್ತು. ಅಷ್ಟೂ ದಿನ ಭಾಯಿಜಾನ್ ಕ್ಷೌರದ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದರು. ದಿನಕ್ಕೆ ಮುನ್ನೂರು ಕಸಿ ಕಟ್ಟುತ್ತಿದ್ದವರು ನೂರೈವತ್ತಕ್ಕೆ ನಿಂತರು. ಕೂಡದೆ ಒಣಗಿದ ಕಡ್ಡಿಗಳಿಗೆ ಕೂಲಿಯಿಲ್ಲ. ಆ ನಷ್ಟವನ್ನೂ ಕೇಳಿ ಇನ್ನೊಂದು ಪತ್ರ ಬರೆಯೋಣವೇ ಎಂದೆವು. ಭಾಯಿಜಾನ್ ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚುತ್ತ, 'ಬರಿ. ಈ ಸಲ ಕೈಯ ಲೆಕ್ಕ ಮೊದಲು ಬರಿ, ಚಾಕುವಿನದು ಆಮೇಲೆ' ಎಂದರು. ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.