ಬೀದಿಯ ಬೆಳಕು

ಒಳಕೋಣೆಯಲ್ಲಿ ಕುಳಿತು ಚಿತ್ರ ಬರೆಯುವವನಿಗೆ ಬೆಳಕು ಅಧೀನ. ಬೀದಿಯಲ್ಲಿ ಕುಳಿತು ಬರೆಯುವವನು ಬೆಳಕಿಗೆ ಅಧೀನ. ಆಕಾಶದಲ್ಲಿ ಸೂರ್ಯನು ಗಂಟೆಗೆ 15 ಡಿಗ್ರಿಗಳಷ್ಟು ಸರಿಯುತ್ತಾನೆ. ಎಂಟು ಗಂಟೆಗೆ ಎದುರುಮನೆಯ ಗೋಡೆಯ ಮೇಲಿದ್ದ ಮರದ ನೆರಳು ಹತ್ತಕ್ಕೆ ಅಂಗಳಕ್ಕೆ ಇಳಿದಿರುತ್ತದೆ. ಆದುದರಿಂದ ಚಿತ್ರಕಾರನು ನೆರಳಿನ ಅಂಚನ್ನು ಮೊದಲೇ ಗುರುತಿಸಿಕೊಂಡು ಬೇಗಬೇಗನೆ ಬಣ್ಣ ಹಚ್ಚಬೇಕು. ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಅಲ್ಲಿಗೇ ಬರಬೇಕು.

ಈ ಶ್ರಮಕ್ಕೆ ಫಲವೂ ಉಂಟು. ಬಿಸಿಲಿನಲ್ಲಿ ಬಿದ್ದ ನೆರಳನ್ನು ನಾವು ಕಪ್ಪೆಂದುಬಿಡುತ್ತೇವೆ. ಆದರೆ ನೆರಳಿನ ಮೇಲೂ ಆಕಾಶದ ಬೆಳಕು ಬೀಳುತ್ತಿರುತ್ತದೆ. ಸುಣ್ಣದ ಗೋಡೆಯ ಮೇಲೆ ಅದು ತಿಳಿನೀಲಿ. ಬಯಲಿನಲ್ಲಿ ಬರೆದ ಚಿತ್ರಗಳನ್ನು ನೋಡಿದ ಮೇಲೆಯೇ ಈ ನೀಲಿಯು ನನ್ನ ಕಣ್ಣಿಗೆ ಬಿದ್ದದ್ದು.

ನಮ್ಮ ನಾಡಿನ ರುಮಾಲೆ ಚೆನ್ನಬಸವಯ್ಯನವರು (1910–1988) ಅಂಥ ಚಿತ್ರಕಾರರು. ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡಿದ್ದ ಆ ಗಾಂಧಿವಾದಿ, ಬೆಂಗಳೂರಿನ ರಸ್ತೆಗಳನ್ನೂ ಉದ್ಯಾನಗಳನ್ನೂ ಹೂ ತುಂಬಿದ ಮರಗಳನ್ನೂ ಸ್ಥಳದಲ್ಲಿಯೇ ಕುಳಿತು ಚಿತ್ರಿಸಿದರು. ಮುಂದೆ ರಸ್ತೆಗಳನ್ನು ಅಗಲಗೊಳಿಸುವಾಗ ಆ ನಗರದ ಎಷ್ಟೋ ಸಾಲುಮರಗಳು ಉರುಳಿದವು. ಹಳೆಯ ಬೆಂಗಳೂರಿನ ತಂಪನ್ನು ಕಾಣದವರಿಗೆ ಇಂದು ಅವರ ಚಿತ್ರಗಳೇ ಸಾಕ್ಷಿ.

ಕಂಡದ್ದು ಹಾಗೆಯೇ ಉಳಿಯದೆಂಬುದನ್ನು ಸರಿಯುವ ನೆರಳು ಚಿತ್ರಕಾರನಿಗೆ ಗಳಿಗೆಗಳಿಗೆಗೂ ನೆನಪಿಸುತ್ತದೆ. ಅಂತೆಯೇ ಅವನು ಅಷ್ಟು ಅಕ್ಕರೆಯಿಂದ ನೋಡುತ್ತಾನೆ. ನಾವಾದರೋ ನಮ್ಮ ಬೀದಿ ಎಂದೆಂದಿಗೂ ಹೀಗೆಯೇ ಇರುವುದೆಂದು ನಂಬಿ ನೋಡದೆಯೇ ನಡೆಯುತ್ತೇವೆ. ಕುಂಚ ಹಿಡಿಯುವ ಕೈ ಎಲ್ಲರಿಗೂ ಇರಲಾರದು. ಆದರೆ ಶಾಲೆಗೆ ಹೋಗುವ ದಾರಿಯ ಮರವೊಂದನ್ನು ಬೆಳಗಿನ ಬಿಸಿಲಿನಲ್ಲೊಮ್ಮೆ, ಸಂಜೆಯ ಬಿಸಿಲಿನಲ್ಲೊಮ್ಮೆ ನಿಂತು ನೋಡುವ ಕಣ್ಣು ಎಲ್ಲರಿಗೂ ಸಾಧ್ಯ. ಹಾಗೆ ನೋಡಿದ ಮರಕ್ಕೆ ಕೊಡಲಿ ಬಿದ್ದಾಗ ಸುಮ್ಮನಿರುವುದು ಕಷ್ಟ.