ಹೇಳಬೇಕಾದವನು ಕಾನರ್

ಐರ್ಲೆಂಡಿನ ಸಿನಿಮಾಗಳನ್ನು ನಾವು ಹೆಚ್ಚು ನೋಡಿದವರಲ್ಲ. ಆದರೆ 2016ರಲ್ಲಿ ಬಂದ ‘ಹ್ಯಾಂಡ್‌ಸಮ್ ಡೆವಿಲ್’ ನೋಡಿದ ಮೇಲೆ ನಾಲ್ಕು ಮಾತು ಬರೆಯಲೇಬೇಕು ಅನ್ನಿಸಿತು. ಬರೆದು ನಿರ್ದೇಶಿಸಿದವರು ಜಾನ್ ಬಟ್ಲರ್. ಬೋರ್ಡಿಂಗ್ ಶಾಲೆಯ ಒಂದೇ ರೂಮಿಗೆ ಬಂದು ಬೀಳುವ ಇಬ್ಬರು ಹುಡುಗರ ಕಥೆ. ಒಬ್ಬ ಗೇ, ಇನ್ನೊಬ್ಬ ಅಲ್ಲ. ಇಬ್ಬರ ನಡುವೆ ಪ್ರೇಮ ಹುಟ್ಟುವುದಿಲ್ಲ, ಗೆಳೆತನ ಹುಟ್ಟುತ್ತದೆ.

ಪೇಪರಿನಲ್ಲಾದರೆ ‘ಸಲಿಂಗಕಾಮಿ’ ಅಂತ ಬರೆಯುತ್ತಾರೆ. ಆ ಪದದಲ್ಲಿ ಕಾಮ ಒಂದೇ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಅದಕ್ಕೇ ನಾವು ಇಲ್ಲಿ ‘ಗೇ’ ಅಂತಲೇ ಬರೆಯುತ್ತೇವೆ.

ಆ ಶಾಲೆಯಲ್ಲಿ ರಗ್ಬಿಯೇ ದೇವರು. ರಗ್ಬಿ ನೋಡಿಲ್ಲದವರಿಗೆ ಹೇಳುವುದಾದರೆ, ಮೊಟ್ಟೆಯಾಕಾರದ ಚೆಂಡು ಹಿಡಿದುಕೊಂಡು ಓಡಬೇಕು, ಎದುರಾಳಿಗಳು ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದ ಹಾಗೆ ಹಿಡಿದು ಕೆಡವುತ್ತಾರೆ. ಐರ್ಲೆಂಡಿನ ಹಳ್ಳಿಗಳ ಆಟ ಬೇರೆ: ಹರ್ಲಿಂಗ್, ಗೇಲಿಕ್ ಫುಟ್‌ಬಾಲ್. ರಗ್ಬಿ ಹೆಚ್ಚಾಗಿ ಡಬ್ಲಿನ್ನಿನ ದುಬಾರಿ ಫೀಸಿನ ಶಾಲೆಗಳದ್ದು. ಅಲ್ಲಿ ಶಾಲಾ ಕಪ್ ಗೆಲ್ಲುವುದೆಂದರೆ ಸಣ್ಣ ಮಾತಲ್ಲ.

ಅಂಥ ಶಾಲೆಯಲ್ಲಿ ಕೆಂಚುಗೂದಲಿನ ನೆಡ್‌ಗೆ ಆಟವೂ ಬೇಡ, ಆಟಗಾರರೂ ಬೇಡ. ಸಂಗೀತದ ಹುಚ್ಚು ಅವನಿಗೆ. ಮೇಷ್ಟರು ಪ್ರಬಂಧ ಬರೆಯಲು ಹೇಳಿದರೆ ಹಳೇ ಹಾಡುಗಳ ಸಾಲು ಕದ್ದು ಬರೆದುಕೊಡುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಹುಡುಗರು ಅವನನ್ನು ‘ಗೇ’ ಅಂತ ಬೈದು ಗೋಳು ಹೊಯ್ದುಕೊಳ್ಳುತ್ತಾರೆ. ಇವನ ರೂಮಿಗೆ ಕಾನರ್ ಬರುತ್ತಾನೆ. ಹೊಡೆದಾಟ ಮಾಡಿ ಹಿಂದಿನ ಶಾಲೆ ಬಿಟ್ಟು ಬಂದವನು, ರಗ್ಬಿಯಲ್ಲಿ ಹುಲಿ. ಇನ್ನು ನನ್ನ ಗತಿ ಮುಗಿಯಿತು ಅಂದುಕೊಂಡು ನೆಡ್ ರೂಮಿನ ನಡುವೆ ಸಾಮಾನು ಅಡ್ಡ ಜೋಡಿಸಿ ಗೋಡೆಯನ್ನೇ ಕಟ್ಟಿಬಿಡುತ್ತಾನೆ. ಬರ್ಲಿನ್ ಗೋಡೆ!

ಗೋಡೆ ಬೀಳುವುದು ಗಿಟಾರ್‌ನಿಂದ. ಹೊಸ ಇಂಗ್ಲಿಷ್ ಮೇಷ್ಟರು ಶೆರ್ರಿ ಇಬ್ಬರನ್ನೂ ಒಟ್ಟಿಗೆ ಹಾಡಲು ಹಚ್ಚುತ್ತಾರೆ. ನೆಡ್‌ನ ಕಳ್ಳ ಪ್ರಬಂಧ ಹಿಡಿಯುವವರೂ ಇವರೇ. ಎರವಲು ದನಿಯಲ್ಲಿ ಮಾತಾಡಬೇಡ, ನಿನ್ನ ದನಿಯಲ್ಲಿ ಮಾತಾಡು ಅನ್ನುವುದೇ ಇವರ ಪಾಠ. ಈ ಪಾತ್ರ ಮಾಡಿದ ಆಂಡ್ರ್ಯೂ ಸ್ಕಾಟ್ ಡಬ್ಲಿನ್ನಿನವರು, ತಾನು ಗೇ ಎಂದು ಮುಚ್ಚಿಡದ ನಟ. ಸಿನಿಮಾದ ಶೆರ್ರಿ ಮೇಷ್ಟರು ಮಾತ್ರ ಮುಚ್ಚಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಕಾನರ್ ಒಂದು ಸಂಜೆ ಹೆದರಿಕೊಂಡೇ ಗೇಗಳು ಸೇರುವ ಬಾರ್‌ಗೆ ಹೋದರೆ, ಅಲ್ಲಿ ಶೆರ್ರಿ ಕಾಣುತ್ತಾರೆ. ಮಕ್ಕಳಿಗೆ ಸ್ವಂತ ದನಿಯ ಪಾಠ ಹೇಳುವ ಮೇಷ್ಟರಿಗೇ ಸ್ಟಾಫ್ ರೂಮಿನಲ್ಲಿ ಆ ದನಿ ಇಲ್ಲ. ಸಿನಿಮಾದಲ್ಲಿ ನಮಗೆ ಹೆಚ್ಚು ಕಾಡಿದ್ದು ಇವರೇ.

ಕಾನರ್ ಆ ಬಾರ್‌ಗೆ ಹೋದದ್ದು ನೆಡ್‌ಗೂ ಗೊತ್ತಾಗುತ್ತದೆ. ಅವನು ಯಾರಿಗೂ ಹೇಳುವುದಿಲ್ಲ, ಒಳ್ಳೆಯ ಗೆಳೆಯ. ಆಮೇಲೆ ಕೋಚ್‌ನ ಒತ್ತಡಕ್ಕೆ ಕಾನರ್ ಗೆಳೆಯನಿಂದ ದೂರ ಸರಿಯುತ್ತಾನೆ. ನೆಡ್‌ಗೆ ಹೊಟ್ಟೆಯೊಳಗೆ ಬೆಂಕಿ. ಇಡೀ ಶಾಲೆ ಸೇರಿದ್ದಾಗ ಎಲ್ಲರೆದುರು ಹೇಳಿಬಿಡುತ್ತಾನೆ, ಕಾನರ್ ಗೇ ಅಂತ. ಇಷ್ಟು ದಿನ ಆ ಪದದ ಏಟು ತಿಂದವನೇ ಅದನ್ನು ಕಲ್ಲಿನ ಹಾಗೆ ಬೀಸುತ್ತಾನೆ. ಕಾನರ್ ಓಡಿಹೋಗುತ್ತಾನೆ.

ನಾವು ಇಲ್ಲಿ ವಿಡಿಯೊ ನಿಲ್ಲಿಸಿ ಸುಮ್ಮನೆ ಕೂತೆವು. ನೆಡ್ ಹೇಳಿದ್ದು ಸುಳ್ಳಲ್ಲ, ನೂರಕ್ಕೆ ನೂರು ನಿಜ. ವರದಿಗಾರಿಕೆ ಕಲಿಸುವಾಗ ನಮಗೆ ಮೊದಲು ಹೇಳಿಕೊಟ್ಟದ್ದೇ ಸುದ್ದಿ ನಿಜವೋ ಅಲ್ಲವೋ ನೋಡಿ ಅಂತ. ನಿಜವೇ ಆದರೂ ಅದನ್ನು ಹೇಳಬೇಕಾದವರು ಯಾರು ಅನ್ನುವ ಪ್ರಶ್ನೆ ನಮ್ಮ ಪಠ್ಯದಲ್ಲಿ ಇರಲಿಲ್ಲ. ಒಮ್ಮೆ ರಾತ್ರಿ ಪರಿಚಯದವರೊಬ್ಬರು ಫೋನ್ ಮಾಡಿ, “ಸರ್, ಲಾಡ್ಜಿನ್ಯಾಗ ಇಬ್ರು ಹುಡುಗ್ರು ಸಿಕ್ಕಾರ, ಭಾರೀ ಸುದ್ದಿ ಐತಿ, ಲಗೂನ ಬರ್ರಿ” ಅಂದಿದ್ದರು. ಡೆಸ್ಕಿನಿಂದಲೂ ಫೋನ್ ಬಂತು: ಹೆಸರು, ಊರು, ಫೋಟೊ ಕಳಿಸಿ. ಇಬ್ಬರೂ ಹದಿನೆಂಟು ದಾಟಿದವರು, ದೂರು ಕೊಟ್ಟವರು ಯಾರೂ ಇಲ್ಲ, ಅಪರಾಧವೂ ಇಲ್ಲ. ನಾವು ಹೋಗಲಿಲ್ಲ, ಕಳಿಸಲಿಲ್ಲ. ಆ ತಿಂಗಳು ನಮ್ಮ ಎರಡು ವರದಿ ಕಸದ ಬುಟ್ಟಿ ಸೇರಿದವು, ಇರಲಿ. ಇಬ್ಬರೂ ಪಕ್ಕದ ತಾಲ್ಲೂಕಿನವರಂತೆ. ಊರಿನ ಹೆಸರು ಅಚ್ಚಾಗಿದ್ದರೆ ಮರುದಿನದ ಬಸ್ಸಿನಲ್ಲಿ ಅವರು ಮನೆಗೆ ಹೋಗುವುದು ಹೇಗೆ?

ಅಪರಾಧ ಇಲ್ಲ ಅಂದೆವಲ್ಲ, ಅದಕ್ಕೂ ಐರ್ಲೆಂಡಿಗೂ ಒಂದು ನಂಟಿದೆ. ಗೇಗಳನ್ನು ಜೈಲಿಗೆ ಹಾಕುವ ಕಾನೂನು ಎರಡೂ ದೇಶಗಳಿಗೆ ಬಂದದ್ದು ಬ್ರಿಟಿಷರಿಂದ. ನಮ್ಮ 377ನೇ ಕಲಂ 1860ರ ದಂಡ ಸಂಹಿತೆಯದು. ಮರುವರ್ಷವೇ ಐರ್ಲೆಂಡಿಗೂ ಅಂಥದ್ದು ಬಂತು. ಅಲ್ಲಿ ಡೇವಿಡ್ ನಾರಿಸ್ ಎಂಬವರು ವರ್ಷಗಟ್ಟಲೆ ಕೋರ್ಟು ಅಲೆದು, 1988ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಕಾನೂನು ಹೋದದ್ದು 1993ರಲ್ಲಿ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ವಿಚಾರದಲ್ಲಿ ಐರ್ಲೆಂಡ್ 2015ರ ಮೇ 22ರಂದು ಜನರನ್ನೇ ಕೇಳಿತು. ನೂರಕ್ಕೆ 62 ಮತ ಒಪ್ಪಿಗೆಗೆ ಬಿತ್ತು. 43 ಕ್ಷೇತ್ರಗಳಲ್ಲಿ ಬೇಡ ಅಂದದ್ದು ಒಂದೇ. ಅಂದರೆ ದನ ಕಟ್ಟುವ, ಆಲೂಗಡ್ಡೆ ಬೆಳೆಯುವ ಸೀಮೆಗಳೂ ಹೂಂ ಅಂದವು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗಲ್ಲ ಅನ್ನುವ ಪೇಟೆಯವರಿಗೆ ಈ ಲೆಕ್ಕ ತೋರಿಸಬಹುದು.

ಆ ವರ್ಷದ ಜನವರಿಯಲ್ಲಿ ಅಲ್ಲಿನ ಮಂತ್ರಿ ಲಿಯೊ ವರಾಡ್ಕರ್ ರೇಡಿಯೊದಲ್ಲಿ ತಾನು ಗೇ ಎಂದು ಹೇಳಿಕೊಂಡರು. 2017ರಲ್ಲಿ ಪ್ರಧಾನಿಯೂ ಆದರು. ಅವರ ತಂದೆಯ ಮನೆತನ ಗೋವಾದ ಆಚೆ, ಸಿಂಧುದುರ್ಗ ಜಿಲ್ಲೆಯ ವರಾಡ್ ಎಂಬ ಹಳ್ಳಿಯದು. ಅದಕ್ಕೂ ಮುಂಚೆ 2009ರಲ್ಲಿ ಹರ್ಲಿಂಗ್ ಆಟಗಾರ ಡೋನಲ್ ಓಗ್ ಕುಸಾಕ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದರು. ಒಬ್ಬರು ರೇಡಿಯೊದಲ್ಲಿ, ಒಬ್ಬರು ಪುಸ್ತಕದಲ್ಲಿ, ಇಬ್ಬರೂ ತಮ್ಮ ಮಾತನ್ನು ತಾವೇ ಆಡಿದರು. ಸಿನಿಮಾದ ಕಾನರ್‌ಗೆ ಆ ಅವಕಾಶವನ್ನು ಗೆಳೆಯನೇ ಕಿತ್ತುಕೊಳ್ಳುತ್ತಾನೆ.

ನೆಡ್ ಆಮೇಲೆ ಅವನನ್ನು ಹುಡುಕಿಕೊಂಡು ಹೋಗುತ್ತಾನೆ, ತಪ್ಪಾಯಿತು ಅನ್ನುತ್ತಾನೆ. ಕಾನರ್ ಫೈನಲ್‌ಗೆ ಮರಳುತ್ತಾನೆ. ಆಗಲೇ ಎಲ್ಲರಿಗೂ ಗೊತ್ತಿರುವ ವಿಷಯವನ್ನು ತಂಡದವರ ಮುಂದೆ ತಾನೇ ಬಾಯಿಬಿಟ್ಟು ಹೇಳುತ್ತಾನೆ. ನಮಗೆ ಕಣ್ಣು ತುಂಬಿ ಬಂದದ್ದು ಅಲ್ಲಿ, ಆಮೇಲಿನ ಗೆಲುವಿನಲ್ಲಲ್ಲ.

ಆ ಗೆಲುವಿನ ಮೇಲೆ ನಮಗೆ ತಕರಾರಿದೆ. ಒಂದು ಮ್ಯಾಚಿನಲ್ಲಿ ಎಲ್ಲವೂ ಸರಿಹೋಗುತ್ತದೆ, ಬೈಯುತ್ತಿದ್ದ ಬಾಯಿಗಳೇ ಜೈ ಅನ್ನುತ್ತವೆ. ಕಾನರ್ ಚೆನ್ನಾಗಿ ಆಡುವ ಹುಡುಗ, ಶಾಲೆಗೆ ಅವನು ಬೇಕು, ಅದಕ್ಕೆ ಹೊತ್ತು ಮೆರೆಸಿದರು. ಕಪ್ ಸೋತಿದ್ದರೆ? ಅಥವಾ ಗೇ ಆಗಿದ್ದವನು ಚೆಂಡು ಹಿಡಿಯಲೂ ಬಾರದ ನೆಡ್‌ನೇ ಆಗಿದ್ದರೆ, ಸೋಮವಾರ ಬೆಳಿಗ್ಗೆ ಊಟದ ಹಾಲ್‌ನಲ್ಲಿ ಅವನ ಪಕ್ಕ ತಟ್ಟೆ ಇಟ್ಟುಕೊಂಡು ಯಾರು ಕೂರುತ್ತಿದ್ದರು?